ಬಣ್ಣದ ನೀರಲ್ಲಿ ಅದ್ದಿದ ಕೈ

ಇಳಕಲ್ಲಿನ ಓದುಗರೊಬ್ಬರ ಪತ್ರ: “ನಮ್ಮ ಅತ್ತೆಯವರು ಸೀರೆಯ ನೂಲಿಗೆ ಬಣ್ಣ ಹಾಕುವವರು. ಅವರ ಕೈಯುಗುರುಗಳು ಕಪ್ಪಾಗಿ, ದಪ್ಪವಾಗಿ, ಪುಡಿಪುಡಿಯಾಗಿ ಉದುರುತ್ತಿವೆ. ಶಿಲೀಂಧ್ರ ಸೋಂಕು ಎಂದರು. ಅದರ ಔಷಧಗಳನ್ನು ಅಮೆರಿಕದ ಬಿಳಿಯರ ಮೇಲೆ ಪರೀಕ್ಷಿಸಿದ್ದಂತೆ. ನಮಗೆ ನಾಟುತ್ತವೆಯೇ? ನಾಳೆ ನಮ್ಮ ಮೇಲೆ ಪರೀಕ್ಷಿಸಲು ಬಂದರೆ ಒಪ್ಪಬೇಕೇ?”

ಸಹೋದರಿ, ನಿಮ್ಮ ಅನುಮಾನ ಸುಳ್ಳಲ್ಲ. ಅಮೆರಿಕದಲ್ಲಿ 2014ರಲ್ಲಿ ಒಪ್ಪಿಗೆ ಪಡೆದ ಎಫಿನಕೊನಜೋಲ್ ಎಂಬ ಹಚ್ಚುವ ಔಷಧದ ಎರಡು ಪ್ರಯೋಗಗಳಲ್ಲಿ 1,655 ಜನರಿದ್ದರು. ಅಮೆರಿಕ, ಕೆನಡಾ, ಜಪಾನಿನವರು. ಹೆಚ್ಚಿನವರು ಬಿಳಿಯರು, ಹೆಚ್ಚಿನವರು ಗಂಡಸರು. ನೋಡಿದ್ದು ಕಾಲಿನ ಹೆಬ್ಬೆರಳಿನ ಉಗುರು, ಅದೂ ಶೇ 20ರಿಂದ 50ರಷ್ಟು ಮಾತ್ರ ಕೆಟ್ಟದ್ದು. 48 ವಾರ ದಿನವೂ ಹಚ್ಚಿದ ಮೇಲೆ ಪೂರ್ತಿ ಗುಣವಾದವರು ಒಂದರಲ್ಲಿ ಶೇ 17.8, ಇನ್ನೊಂದರಲ್ಲಿ ಶೇ 15.2. ದಿನವಿಡೀ ನೀರಲ್ಲಿ ಕೈಯಿಟ್ಟು ದುಡಿಯುವ ನಿಮ್ಮ ಅತ್ತೆಯಂಥವರನ್ನು ಈ ಲೆಕ್ಕದಲ್ಲಿ ಎಲ್ಲಿ ಹುಡುಕೋಣ?

ಹಾಗೆಂದು ಬಿಳಿಯರ ಮೈಗೆ ಒಂದು ಮದ್ದು, ನಮ್ಮ ಮೈಗೆ ಇನ್ನೊಂದು ಎಂದು ತಿಳಿಯಬೇಡಿ. ಶಿಲೀಂಧ್ರವನ್ನು ಔಷಧ ಕೊಲ್ಲುವ ಬಗೆ ಎಲ್ಲ ಮೈಯಲ್ಲೂ ಒಂದೇ. ವ್ಯತ್ಯಾಸ ಬೇರೆ ಕಡೆ ಇದೆ. ಕಪ್ಪು ಮೈಬಣ್ಣದವರ ಉಗುರಿನಲ್ಲಿ ಸಹಜವಾಗಿಯೇ ಕಪ್ಪು ಗೆರೆಗಳು ಮೂಡುತ್ತವೆ. ಶಿಲೀಂಧ್ರವೂ ಉಗುರನ್ನು ಕಪ್ಪಾಗಿಸಬಲ್ಲದು. ಅಪರೂಪಕ್ಕೆ ಉಗುರಿನಡಿಯ ಕ್ಯಾನ್ಸರ್ ಕೂಡ ಹಾಗೆಯೇ ಕಾಣುತ್ತದೆ. ಬಿಳಿ ಉಗುರುಗಳನ್ನೇ ನೋಡಿ ಬರೆದ ಲಕ್ಷಣಗಳು ಇಲ್ಲಿ ಕೈಕೊಡುತ್ತವೆ. ಸದಾ ಒದ್ದೆಯಾದ ಕೈಯುಗುರಿನಲ್ಲಿ ಕ್ಯಾಂಡಿಡಾ ಎಂಬ ಬೇರೆಯೇ ಶಿಲೀಂಧ್ರ ಬೆಳೆಯುವುದುಂಟು; ಹೆಚ್ಚು ಬಳಕೆಯಲ್ಲಿರುವ ಟರ್ಬಿನಾಫಿನ್ ಮಾತ್ರೆ ಅದರ ಮೇಲೆ ಅಷ್ಟು ಕೆಲಸ ಮಾಡುವುದಿಲ್ಲ. ಅದೇ ಮಾತ್ರೆಗೆ ಜಗ್ಗದ ಗಜಕರ್ಣದ ಶಿಲೀಂಧ್ರವೊಂದು ನಮ್ಮ ದೇಶದಲ್ಲಿ ಹಬ್ಬಿದೆ. ಟ್ರೈಕೊಫೈಟಾನ್ ಇಂಡೋಟಿನಿಯೆ ಎಂದು ಅದಕ್ಕೆ ಹೆಸರಿಟ್ಟದ್ದೇ 2020ರಲ್ಲಿ. ಅದಕ್ಕೂ ಹಿಂದೆ ಪರದೇಶದಲ್ಲಿ ನಡೆದ ಪ್ರಯೋಗ ಇದನ್ನೆಲ್ಲ ಹೇಗೆ ಕಂಡೀತು?

ಇನ್ನು ಒಪ್ಪುವ ಮಾತು. ನಮ್ಮ ಪಕ್ಕದ ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ 1,620 ಹೆಂಗಸರು ಹೆರಿಗೆಯ ಹೊತ್ತಿನಲ್ಲಿ ಮಿಸೊಪ್ರೊಸ್ಟಾಲ್ ಎಂಬ, ರಕ್ತಸ್ರಾವ ತಡೆಯುವ ಮಾತ್ರೆಯ ಪ್ರಯೋಗಕ್ಕೆ ಒಪ್ಪಿದರು. ಅರ್ಧದಷ್ಟು ಜನರಿಗೆ ಸಿಕ್ಕಿದ್ದು ಔಷಧವಿಲ್ಲದ ಮಾತ್ರೆ. ಕೊಟ್ಟವರು ಹಳ್ಳಿಯ ಸಹಾಯಕ ದಾದಿಯರು. ಹೆರಿಗೆಯ ನಂತರದ ಅತಿ ರಕ್ತಸ್ರಾವ ಔಷಧವಿಲ್ಲದ ಮಾತ್ರೆ ಪಡೆದವರಲ್ಲಿ ಶೇ 12, ಔಷಧ ಪಡೆದವರಲ್ಲಿ ಶೇ 6.4 ಮಾತ್ರ. 2006ರಲ್ಲಿ ಅದು ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ದೊಡ್ಡ ಆಸ್ಪತ್ರೆಯ ಸೌಕರ್ಯದಲ್ಲಿ ಅಲ್ಲ, ಆಸ್ಪತ್ರೆ ದೂರವಿರುವ ಊರುಗಳಲ್ಲೇ ಆ ಮಾತ್ರೆಯ ಬೆಲೆ ಗೊತ್ತಾಗಬೇಕಿತ್ತು. ಆ ಬಾಣಂತಿಯರನ್ನು ನೆನೆದರೆ ನನಗೆ ಈಗಲೂ ಕೈ ಮುಗಿಯಬೇಕೆನಿಸುತ್ತದೆ.

ಆದರೆ ಕಣ್ಣು ಮುಚ್ಚಿ ಹೆಬ್ಬೆಟ್ಟು ಒತ್ತಬಾರದು. ಔಷಧ ಪ್ರಯೋಗಗಳ ಬಗ್ಗೆ ನಮ್ಮ ದೇಶದ 2019ರ ನಿಯಮಗಳ ಪ್ರಕಾರ ನಿಮಗೆ ತಿಳಿಯುವ ಭಾಷೆಯಲ್ಲಿ ಎಲ್ಲವನ್ನೂ ಹೇಳಬೇಕು, ಒಪ್ಪಿಗೆ ಪತ್ರದ ಪ್ರತಿ ಕೊಡಬೇಕು. ಓದು ಬಾರದವರ ಜೊತೆ ನಿಷ್ಪಕ್ಷಪಾತಿ ಸಾಕ್ಷಿಯೊಬ್ಬರು ಇರಬೇಕು. ಪ್ರಯೋಗದಿಂದ ತೊಂದರೆಯಾದರೆ ಚಿಕಿತ್ಸೆ, ಪರಿಹಾರ ಎರಡೂ ಸಿಗಬೇಕು. ನಡುವೆ ಬಿಟ್ಟುಬರುವ ಹಕ್ಕು ನಿಮ್ಮದೇ.

ಸದ್ಯಕ್ಕೆ ಅತ್ತೆಯವರನ್ನು ಬಾಗಲಕೋಟೆಯ ಚರ್ಮವೈದ್ಯರಲ್ಲಿಗೆ ಕರೆದೊಯ್ಯಿರಿ. ಉಗುರಿನ ಪುಡಿ ಕೆರೆದು ಪರೀಕ್ಷಿಸದೆ ಮಾತ್ರೆ ಶುರು ಮಾಡುವುದು ಬೇಡ. ಬಣ್ಣದ ಹಂಡೆಗೆ ಕೈ ಹಾಕುವಾಗ ರಬ್ಬರ್ ಕೈಗವಸು ಇರಲಿ. ವರದಿಯಲ್ಲಿ ಯಾವ ಶಿಲೀಂಧ್ರದ ಹೆಸರಿದೆ ಎಂದು ನನಗೊಂದು ಕಾರ್ಡು ಬರೆಯಿರಿ.

— ಸಂಪಾದಕ