ಯೆರವಡಾ ಬೇರೆ, ಏರ್ವಾಡಿ ಬೇರೆ

ನಮಸ್ಕಾರ,

ಪುಣೆಯ ಯೆರವಡಾ ಮನೋರೋಗ ಆಸ್ಪತ್ರೆಯ ಕಟ್ಟಡಗಳ ಬಗ್ಗೆ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಒಮ್ಮೆ ಮಾಟುಂಗಾದಲ್ಲಿ ಕಾಫಿ ಕುಡಿಯುತ್ತಾ, ಇನ್ನೊಮ್ಮೆ ಲೋಕಲ್ ರೈಲಿನಲ್ಲಿ ನಿಂತುಕೊಂಡು. ಈಗಿರುವ ಹಾಗೆ ಅಚ್ಚಿಗೆ ಹಾಕಲು ಆಗುವುದಿಲ್ಲ. ಸುಮ್ನೆ ವಾಪಸ್ ಕಳಿಸಲೂ ಮನಸ್ಸು ಬರಲಿಲ್ಲ, ಅದಕ್ಕೆ ಈ ಪತ್ರ.

ದೊಡ್ಡ ತಪ್ಪು ಮೊದಲು. 2001ರಲ್ಲಿ ಬೆಂಕಿ ಬಿದ್ದು, ಸರಪಳಿ ಹಾಕಿದ್ದ 28 ಜನ ಸತ್ತದ್ದನ್ನು ಯೆರವಡಾ ತಲೆಗೆ ಕಟ್ಟಿದ್ದೀರಿ. ಅದು ನಡೆದದ್ದು ತಮಿಳುನಾಡಿನ ರಾಮನಾಥಪುರ ಜಿಲ್ಲೆಯ ಏರ್ವಾಡಿಯಲ್ಲಿ, ಖಾಸಗಿಯವರ ಗರಿ ಹೊದಿಸಿದ ಶೆಡ್ಡಿನಲ್ಲಿ. ಹೆಸರು ಕಿವಿಗೆ ಒಂದೇ ಥರ ಕೇಳುತ್ತದೆ, ನಿಜ. ಆದರೆ ಅಚ್ಚಾಗಿದ್ದರೆ ಪುಣೆಯ ಓದುಗರು ನಮ್ಮನ್ನು ಬಿಡುತ್ತಿರಲಿಲ್ಲ, ಬಿಡಲೂಬಾರದು. 2540 ಹಾಸಿಗೆಯ ಲೆಕ್ಕವೂ ಅಷ್ಟೇ. ಅದು ನಮ್ಮ ಕಾಲದ ಸಂಖ್ಯೆ. ಬ್ರಿಟಿಷರು ಬಾಗಿಲು ತೆರೆದ ದಿನವೇ ಅಷ್ಟು ಮಂಚ ಹಾಕಿದ್ದರು ಅನ್ನುವ ಹಾಗೆ ಬರೆದಿದ್ದೀರಿ.

ಮೊದಲ ಪುಟವಿಡೀ ಗಾಂಧಿ, ಅಂಬೇಡ್ಕರ್, 1932ರ ಪುಣೆ ಒಪ್ಪಂದ. ಅದು ಯೆರವಡಾ ಜೈಲಿನ ಕಥೆ, ಆಸ್ಪತ್ರೆಯದ್ದಲ್ಲ. ತೆಗೆದುಬಿಡಿ. ಜೈಲಿನ ನೆರಳು ಬೇಕೇ ಬೇಕು ಅಂದರೆ ಮನೋರೋಗಿಗಳನ್ನು ಆಸ್ಪತ್ರೆಯಲ್ಲಿ ಇರಿಸುವುದರ ಬಗೆಗಿನ 1912ರ ಲೂನಸಿ ಕಾಯ್ದೆ ಹಿಡಿಯಿರಿ. ಹೆಚ್ಚಿನವರು ಒಳಗೆ ಬರುತ್ತಿದ್ದದ್ದು ಮ್ಯಾಜಿಸ್ಟ್ರೇಟರ ಆದೇಶದ ಮೇಲೆ, ಆ ಕಾಯ್ದೆ ಹೋಗಿ ಹೊಸದು ಜಾರಿಗೆ ಬಂದದ್ದು 1993ರಲ್ಲಿ. ಹಾಗಾಗಿ ರೋಗಿ ಓಡಿಹೋಗದಂತೆ ತಡೆಯುವುದೂ ಕಟ್ಟಡದ ಕೆಲಸವೇ ಆಯಿತು. ನೀವು ವರ್ಣಿಸಿದ ಎತ್ತರದ ಕಾಂಪೌಂಡು, ಕಿಟಕಿಯ ಕಂಬಿ ಯಾಕೆ ಬಂದವು ಅನ್ನುವುದಕ್ಕೆ ಇಲ್ಲಿ ಉತ್ತರವಿದೆ. ನೀವು ಮಾತ್ರ 'ಭಯಾನಕ' ಅಂತ ಬರೆದು ಮುಂದೆ ಹೋಗಿದ್ದೀರಿ.

ಎರಡನೇ ಪುಟದಲ್ಲಿ ಮನೋರೋಗ ಆಸ್ಪತ್ರೆಗಳಿಗೆ ನಕ್ಷೆ ಹಾಕಿಕೊಟ್ಟ ವೈದ್ಯ ಕರ್ಕ್‌ಬ್ರೈಡ್ ಬರುತ್ತಾನೆ. ಎಲ್ಲಿಂದಲೋ ಎತ್ತಿದ್ದು ಅಂತ ಗೊತ್ತಾಗುತ್ತದೆ, ಭಾಷೆಯೇ ಬೇರೆ ಆಗಿಬಿಟ್ಟಿದೆ. ಅವನದು ಅಮೆರಿಕದ ಪ್ಲ್ಯಾನು, ಹತ್ತೊಂಬತ್ತನೇ ಶತಮಾನದ ನಡುವಿನದು: ನಡುವೆ ಆಫೀಸು, ಎರಡೂ ಕಡೆ ಮೆಟ್ಟಿಲಿನಂತೆ ಹಿಂದೆ ಸರಿಯುವ ರೆಕ್ಕೆಗಳು, ಎಲ್ಲಾ ಒಂದೇ ದೊಡ್ಡ ಕಟ್ಟಡ. ಮೂರನೇ ಪುಟದಲ್ಲಿ ನೀವೇ ಹೇಳುತ್ತೀರಿ, ವಾರ್ಡುಗಳು ಒಂದೇ ಅಂತಸ್ತಿನವು, ಬಿಡಿಬಿಡಿಯಾಗಿ ಬೇವಿನ ಮರಗಳ ನಡುವೆ ಇವೆ ಅಂತ. ಎರಡೂ ಒಟ್ಟಿಗೆ ನಿಜ ಆಗಲ್ಲ, ಅಲ್ವಾ? ಬಿಡಿ ವಾರ್ಡಿಗೆ ಬೇರೆ ವಂಶವಿದೆ. ಕ್ರಿಮಿಯನ್ ಯುದ್ಧದ ನಂತರ ಬ್ರಿಟಿಷ್ ನರ್ಸ್ ಫ್ಲಾರೆನ್ಸ್ ನೈಟಿಂಗೇಲ್ ಒತ್ತಿ ಹೇಳಿದ್ದು ಇದನ್ನೇ: ಎದುರುಬದುರು ಕಿಟಕಿ, ಗಾಳಿ ಆಡಬೇಕು, ಒಂದು ವಾರ್ಡಿನ ಕೆಟ್ಟ ಗಾಳಿ ಇನ್ನೊಂದಕ್ಕೆ ಹೋಗಬಾರದು. ಇಲ್ಲಿ ಬಿಸಿಲಿಗೆ ವರಾಂಡ ಬೇಕೇ ಬೇಕಿತ್ತು. ಗಾಳಿಗೆ ತೆರೆದ, ಮನುಷ್ಯರಿಗೆ ಮುಚ್ಚಿದ ಕಟ್ಟಡ. ಅದರ ಬಗ್ಗೆ ಬರೆಯಿರಿ.

ಈಗ ನನಗೆ ಸಿಟ್ಟು ಬಂದ ಜಾಗ. ನಿಮ್ಮ ಅಜ್ಜ ವಿಜಯಪುರದ ಕಡೆಯಿಂದ ಬಂದ ಗೌಂಡಿ, 1960ರ ದಶಕದಲ್ಲಿ ಅಲ್ಲಿ ರಿಪೇರಿ ಕೆಲಸ ಮಾಡಿದವರು. ಅವರನ್ನು ಎಲ್ಲಿ ಕೂರಿಸಿದ್ದೀರಿ? ಮೂರನೇ ಪುಟದ ಕೊನೆಗೆ, ಒಂದೇ ಸಾಲಲ್ಲಿ! "ಸುಣ್ಣದ ಗ್ವಾಡಿಗೆ ಸಿಮಿಟ್ ಬಡದ್ರ ಅದು ಬೆವರ್ತೈತಿ" ಅಂದರಂತೆ. ಈ ಒಂದು ಮಾತಿಗೆ ನಿಮ್ಮ ಮೊದಲ ಎರಡು ಪುಟ ಕೊಟ್ಟುಬಿಡಬಹುದು. ಸುಣ್ಣದ ಗಾರೆಯಲ್ಲಿ ಕಟ್ಟಿದ ಗೋಡೆ ನೆಲದ ತೇವ ಎಳೆದುಕೊಂಡರೂ ನಿಧಾನಕ್ಕೆ ಹೊರಗೆ ಬಿಡುತ್ತದೆ. ಮೇಲೆ ಸಿಮೆಂಟ್ ಪ್ಲಾಸ್ಟರ್ ಬಿತ್ತೋ, ತೇವಕ್ಕೆ ದಾರಿಯಿಲ್ಲ, ಇನ್ನೂ ಮೇಲಕ್ಕೆ ಹತ್ತುತ್ತದೆ, ಬಿಳಿ ಉಪ್ಪು ಹೂವಿನಂತೆ ಅರಳುತ್ತದೆ, ಕೊನೆಗೆ ಪ್ಲಾಸ್ಟರ್ ಹಪ್ಪಳದ ಹಾಗೆ ಏಳುತ್ತದೆ. ನಿಮ್ಮ ಫೋಟೋದಲ್ಲಿ ಸೊಂಟದ ಎತ್ತರಕ್ಕೆ ಏಳು ಕಡೆ ಹಾಗೇ ಎದ್ದಿದೆ, ನಾನು ಎಣಿಸಿದೆ.

'ಹುಚ್ಚಾಸ್ಪತ್ರೆ' ಅನ್ನುವ ಪದ ಅಜ್ಜನ ಬಾಯಲ್ಲಿ ಇರಲಿ, ನಿಮ್ಮ ಸಾಲುಗಳಲ್ಲಿ ಬೇಡ. 'ಮೆಂಟಲ್ ಹಾಸ್ಪಿಟಲ್ ಕಾರ್ನರ್' ಜಾಗದ ಹೆಸರು, ಹಾಗೇ ಬಿಡಿ.

ಕಟ್ಟಿದ ಕಾಲದ ವಿವರಕ್ಕೆ ಮುಂಬಯಿಗೆ ಒಂದು ದಿನ ಬನ್ನಿ. ಕಾಳಾ ಘೋಡಾದ ಎಲ್ಫಿನ್‌ಸ್ಟನ್ ಕಾಲೇಜಿನ ಕಟ್ಟಡದಲ್ಲೇ ರಾಜ್ಯದ ಪತ್ರಾಗಾರವಿದೆ, ಪಿಡಬ್ಲ್ಯೂಡಿಯ ಹಳೆಯ ಫೈಲುಗಳನ್ನು ಹುಡುಕಿ. ಆದರೆ ಅದಕ್ಕೂ ಮೊದಲು ಅಜ್ಜನ ಹತ್ತಿರ ಕೂತುಕೊಳ್ಳಿ. ಗಾರೆ ಅರೆಯುವ ಗಾಣ ಆಗ ಎಲ್ಲಿತ್ತು, ಎತ್ತು ಯಾರದ್ದು, ವಾರ್ಡಿನ ಒಳಗೆ ಕೆಲಸ ಮಾಡುವಾಗ ಕರಣಿ, ಸುತ್ತಿಗೆ ಎಣಿಸಿ ಕೊಡುತ್ತಿದ್ದರಾ, ಎಲ್ಲಾ ಕೇಳಿ. ಅವರು ಹೇಳಿದ ಭಾಷೆಯಲ್ಲೇ ಬರೆದುಕೊಳ್ಳಿ, ತಿದ್ದಬೇಡಿ.