ತೆರಿಗೆ ಇಳಿಸಿದರೆ ಟೀ ಅಗ್ಗ ಆಗುತ್ತಾ? ಮಲೇಷ್ಯಾದಲ್ಲಿ ನಾನು ಕಂಡಿದ್ದು

ಆಗ್ನೇಯ ಏಷ್ಯಾದ ದೇಶಗಳಲ್ಲಿ ಸರ್ಕಾರ ತೆರಿಗೆ ಇಳಿಸಿದರೆ, ಖರ್ಚು ಹೆಚ್ಚಿಸಿದರೆ ನಿಜಕ್ಕೂ ಪ್ರಯೋಜನ ಆಗುತ್ತಾ ಎಂದು ಕೇಳಿದ್ದೀರಿ. ನಾನು ಅರ್ಥಶಾಸ್ತ್ರ ಓದಿದವನಲ್ಲ. ಆದರೆ 2014ರಿಂದ ಐದು ವರ್ಷ ಕ್ವಾಲಾಲಂಪುರದಲ್ಲಿದ್ದೆ. ಅಲ್ಲಿ ಜಿಎಸ್‌ಟಿ ಬಂದಿದ್ದನ್ನೂ ಹೋಗಿದ್ದನ್ನೂ ಹೋಟೆಲ್ ಬಿಲ್ಲಿನಲ್ಲೇ ನೋಡಿದ್ದೇನೆ.

2015ರ ಏಪ್ರಿಲ್ 1ಕ್ಕೆ 6% ಜಿಎಸ್‌ಟಿ ಶುರುವಾಯಿತು. ನಾನು ದಿನಾ ಹೋಗುತ್ತಿದ್ದ ಮಾಮಕ್ ಹೋಟೆಲ್‌ನಲ್ಲಿ (ತಮಿಳು ಮುಸ್ಲಿಮರ ಹೋಟೆಲ್‌ಗೆ ಅಲ್ಲಿ ಹಾಗೆನ್ನುತ್ತಾರೆ) ಟೀ, ರೊಟ್ಟಿ ಚನಾಯ್ ಬಿಲ್ಲಿಗೆ ಹೊಸದೊಂದು ಸಾಲು ಸೇರಿತು. ಹಳೆಯ ಮಾರಾಟ ತೆರಿಗೆ ಬೆಲೆಯೊಳಗೇ ಅಡಗಿತ್ತು, ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಇದು ದಿನಾ ಕಣ್ಣಿಗೆ ಚುಚ್ಚುತ್ತಿತ್ತು. 2018ರ ಮೇ ಚುನಾವಣೆಯಲ್ಲಿ ಸರ್ಕಾರವೇ ಬಿದ್ದುಹೋಯಿತು. ಮಹಾತಿರ್ ಪ್ರಧಾನಿಯಾಗಿ ಬಂದರು, ಜೂನ್ 1ರಿಂದ ಜಿಎಸ್‌ಟಿ ಸೊನ್ನೆ. ಹಳೆಯ ತೆರಿಗೆ ವಾಪಸ್ ಬಂದಿದ್ದು ಸೆಪ್ಟೆಂಬರ್ 1ಕ್ಕೆ.

ನಡುವಿನ ಮೂರು ತಿಂಗಳು ಹಬ್ಬವೋ ಹಬ್ಬ. ಕಾರ್ ಶೋರೂಮ್‌ಗಳಲ್ಲಿ ಜನವೋ ಜನ. ಆದರೆ ಮುಂದಿನ ವರ್ಷ ಕೊಳ್ಳಬೇಕಿದ್ದ ಕಾರನ್ನು ಈಗಲೇ ಕೊಂಡರು, ಅಷ್ಟೇ. ಸೆಪ್ಟೆಂಬರ್ ಬಂದದ್ದೇ ಮಾರಾಟ ಕುಸಿಯಿತು. ನನ್ನ ಟೀ? ಬಿಲ್ಲಿನಲ್ಲಿ ಜಿಎಸ್‌ಟಿ 0% ಅಂತ ಬಂತು. ಕೆಲವೇ ವಾರಗಳಲ್ಲಿ ಬೋರ್ಡ್ ಮೇಲಿನ ದರ ಹತ್ತು ಸೆನ್ (ಅಲ್ಲಿನ ಪೈಸೆ; ನೂರು ಸೆನ್‌ಗೆ ಒಂದು ರಿಂಗಿಟ್) ಏರಿತು. ಕೊನೆಗೆ ಕೊಟ್ಟಿದ್ದು ಅಷ್ಟೇ ದುಡ್ಡು!

ಖಜಾನೆಗೆ ಮಾತ್ರ ದೊಡ್ಡ ತೂತು ಬಿತ್ತು. 2017ರಲ್ಲಿ ಜಿಎಸ್‌ಟಿಯಿಂದ ಸುಮಾರು 4,400 ಕೋಟಿ ರಿಂಗಿಟ್ ಬಂದಿತ್ತು. ಹಳೆಯ ತೆರಿಗೆಯಿಂದ ಅಷ್ಟು ಹುಟ್ಟಲೇ ಇಲ್ಲ. ಬಾಕಿ ಉಳಿದಿದ್ದ ತೆರಿಗೆ ರೀಫಂಡ್ ತೀರಿಸಲು ಸರ್ಕಾರಿ ತೈಲ ಕಂಪನಿ ಪೆಟ್ರೊನಾಸ್‌ನಿಂದ 3,000 ಕೋಟಿ ರಿಂಗಿಟ್ ವಿಶೇಷ ಡಿವಿಡೆಂಡ್ ಪಡೆಯಬೇಕಾಯಿತು. ತೈಲ ಇಲ್ಲದ ದೇಶ ಏನು ಮಾಡಬೇಕು?

ಖರ್ಚಿನ ಕಥೆಯೂ ಸುಲಭದ್ದಲ್ಲ. ಇವೆಲ್ಲ ಆಮದು ಜಾಸ್ತಿ ಇರುವ ದೇಶಗಳು. ಸರ್ಕಾರ ಕೊಟ್ಟ ದುಡ್ಡಲ್ಲಿ ಜನ ಫೋನ್, ಟಿವಿ ಕೊಂಡರೆ ಅದರಲ್ಲೊಂದು ಪಾಲು ಹೊರಗೆ ಸೋರಿಹೋಗುತ್ತದೆ. ಸಿಂಗಾಪುರದಂಥ ಪುಟ್ಟ ದೇಶದಲ್ಲಂತೂ ಈ ಸೋರಿಕೆ ಇನ್ನೂ ಜಾಸ್ತಿ.

ಹಾಗಾಗಿ ಎಷ್ಟು ಖರ್ಚು ಅನ್ನುವುದಕ್ಕಿಂತ ಯಾರಿಗೆ, ಯಾವುದಕ್ಕೆ ಅನ್ನುವುದೇ ಮುಖ್ಯ ಅಂತ ನನಗನಿಸುತ್ತದೆ. ಇಂಡೋನೇಷ್ಯಾದ ತೆರಿಗೆ ಆದಾಯ ಜಿಡಿಪಿಯ 10%ರ ಆಸುಪಾಸು ಮಾತ್ರ. ಅದರಲ್ಲೂ ದೊಡ್ಡ ಪಾಲು ಪೆಟ್ರೋಲ್ ಸಬ್ಸಿಡಿಗೆ ಹೋಗುತ್ತಿತ್ತು, ಅಂದರೆ ಕಾರು ಇದ್ದವರಿಗೇ ಜಾಸ್ತಿ ಲಾಭ. 2014ರ ನವೆಂಬರ್‌ನಲ್ಲಿ ಅಲ್ಲಿನ ಆಗಿನ ಅಧ್ಯಕ್ಷ ಜೋಕೊವಿ ಪೆಟ್ರೋಲ್ ದರವನ್ನು ಲೀಟರಿಗೆ 6,500ರಿಂದ 8,500 ರೂಪಯ್ಯಾಕ್ಕೆ (ಇಂಡೋನೇಷ್ಯಾದ ದುಡ್ಡು) ಏರಿಸಿದರು. ಉಳಿದ ದುಡ್ಡನ್ನು ರಸ್ತೆ, ಬಂದರುಗಳ ಕಡೆ ತಿರುಗಿಸಿದರು. ಅದು ಸರಿಯಾದ ಕೆಲಸ.

ಮಲೇಷ್ಯಾವೂ ಈಗ ಅದೇ ದಾರಿ ಹಿಡಿದಿದೆ. 2025ರ ಸೆಪ್ಟೆಂಬರ್ ಕೊನೆಯಿಂದ ಅಲ್ಲಿನ ಪ್ರಜೆಗಳು ಗುರುತಿನ ಚೀಟಿ ತೋರಿಸಿದರೆ ಮಾತ್ರ ಪೆಟ್ರೋಲ್ ಲೀಟರಿಗೆ 1.99 ರಿಂಗಿಟ್. ಅಲ್ಲೇ ಇರುವ ನನ್ನ ದಾವಣಗೆರೆಯ ಗೆಳೆಯನ ಹತ್ತಿರ ಆ ಚೀಟಿ ಇಲ್ಲ. ಅವನಿಗೆ ಶುರುವಿನಲ್ಲಿ 2.60 ಬಿತ್ತು. ಫೋನ್ ಮಾಡಿ ಬೈದುಕೊಂಡ. ನಾನು ಸುಮ್ನೆ ಕೇಳಿಸಿಕೊಂಡೆ.