ಎರಡೂಕಾಲು ವರ್ಷದ ಮಗು ಹತ್ತೇ ಪದ ಹೇಳುತ್ತೆ. ಮನೆಯಲ್ಲಿ ಏನು ಮಾಡಿಸಬೇಕು?

ನಿಮ್ಮ ಪ್ರಶ್ನೆ ನಾನು ಅರ್ಥ ಮಾಡಿಕೊಂಡ ಹಾಗೆ: ಮಗನಿಗೆ 2 ವರ್ಷ 3 ತಿಂಗಳು. ಹೇಳೋದು ಹತ್ತು-ಹನ್ನೆರಡು ಪದ, ಎರಡು ಪದ ಸೇರಿಸೋದಿಲ್ಲ. ಹೇಳಿದ ಕೆಲಸ ಮಾಡ್ತಾನೆ, ಬೇಕಾದ್ದನ್ನು ಬೆರಳು ತೋರಿಸಿ ಕೇಳ್ತಾನೆ. ಸ್ಪೀಚ್ ಥೆರಪಿ ವಾರಕ್ಕೆ ಒಂದೇ ಸಲ. ಉಳಿದ ಆರು ದಿನ ಮನೆಯಲ್ಲಿ ಏನು ಮಾಡಿಸಬೇಕು, ಯಾವ ಫ್ಲ್ಯಾಶ್ ಕಾರ್ಡ್ ತರಬೇಕು, ಮನೆಯಲ್ಲಿ ಕನ್ನಡ-ತುಳು ಎರಡೂ ಇರೋದರಿಂದ ಒಂದನ್ನು ಬಿಡಬೇಕಾ, ಅಜ್ಜಿ ಬಜೆ ಬೇರು ತೇಯ್ದು ನಾಲಿಗೆಗೆ ಹಚ್ಚೋಣ ಅಂತಿದ್ದಾರೆ, ಸರೀನಾ?

ಫ್ಲ್ಯಾಶ್ ಕಾರ್ಡ್ ಬೇಡ. ತುಳು ಬಿಡೋದೂ ಬೇಡ. ಬಜೆಯ ವಿಷಯ ಆಮೇಲೆ. ಮೊದಲು ಕಿವಿ ಪರೀಕ್ಷೆ ಆಗಿದೆಯಾ ಅಂತ ನೋಡಿ. ನೀವು ಅದನ್ನು ಬರೆದೇ ಇಲ್ಲ.

"ಕರೆದರೆ ತಿರುಗ್ತಾನೆ, ಕಿವಿ ಸರಿಯಾಗೇ ಇದೆ" ಅನ್ನೋದು ಸಾಲದು. ನೆಗಡಿ ಮೇಲಿಂದ ಮೇಲೆ ಬರುವ ಮಕ್ಕಳಿಗೆ ಮಧ್ಯಕಿವಿಯಲ್ಲಿ ದ್ರವ ನಿಲ್ಲುತ್ತೆ. ನೋವೂ ಇರಲ್ಲ, ಸೋರೋದೂ ಇಲ್ಲ. ಬಾಗಿಲು ಬಡಿದದ್ದು, ಕುಕ್ಕರ್ ಕೂಗಿದ್ದು ಎಲ್ಲಾ ಕೇಳುತ್ತೆ, ಆದರೆ ಸ, ತ, ಹ ಥರದ ಮೆತ್ತನೆಯ ಸದ್ದುಗಳು ಮಸುಕಾಗಿ ಬೀಳುತ್ತವೆ. ಹುಟ್ಟಿದಾಗ ಮಾಡಿದ ಪರೀಕ್ಷೆಯಲ್ಲಿ ಪಾಸಾಗಿದ್ದರೂ ಇದು ಆಮೇಲೆ ಬರಬಹುದು. ಕೇಳಬೇಕಾದ ಪರೀಕ್ಷೆಗಳು ಓಎಇ (ಒಳಕಿವಿ ಸದ್ದಿಗೆ ಸ್ಪಂದಿಸುತ್ತಾ ಅಂತ ನೋಡೋದು) ಮತ್ತು ಟಿಂಪನೋಮೆಟ್ರಿ (ಕಿವಿತಮಟೆ ಸರಿಯಾಗಿ ಅಲುಗುತ್ತಾ ಅಂತ ನೋಡೋದು). ಎರಡೂ ಕೆಲವೇ ನಿಮಿಷದ ಕೆಲಸ. ಅನುಮಾನ ಬಂದರೆ ಮಗು ಮಲಗಿದ್ದಾಗ ಬೇರಾ ಮಾಡ್ತಾರೆ, ಅಂದರೆ ಸದ್ದು ಮಿದುಳಿನವರೆಗೆ ತಲುಪುತ್ತಾ ಅಂತ ನೋಡುವ ಪರೀಕ್ಷೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ (1965ರಿಂದ ಇದೆ, 'ಆಯಿಷ್' ಅಂದರೆ ಆಟೋದವರಿಗೂ ಗೊತ್ತು) ಇದಕ್ಕೇ ಇರುವ ಜಾಗ. ಅಷ್ಟು ದೂರ ಆಗದಿದ್ದರೆ ಜಿಲ್ಲಾ ಆಸ್ಪತ್ರೆಯಲ್ಲಿ ಡಿಇಐಸಿ (ಮಕ್ಕಳ ಬೆಳವಣಿಗೆಯ ತೊಂದರೆಗಳನ್ನು ಬೇಗ ಗುರುತಿಸಿ ನೋಡುವ ಕೇಂದ್ರ) ಎಲ್ಲಿದೆ ಅಂತ ಕೇಳಿ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಕೆಳಗೆ ನಡೆಯುವ ಕೇಂದ್ರ ಅದು.

ಈಗ ಮನೆ ಕೆಲಸಕ್ಕೆ ಬರೋಣ. ಮಾತು ತಡವಾದ ಮಗು ಇರುವ ಮನೆಯಲ್ಲಿ ದೊಡ್ಡವರು ಹೇಗೆ ಮಾತಾಡ್ತಾರೆ ಅಂತ ಒಮ್ಮೆ ಕಿವಿಗೊಟ್ಟು ಕೇಳಿ. "ಇದೇನು? ಇದ್ಯಾವ ಬಣ್ಣ? ಚೆಂಡು ಅನ್ನು. ಅನ್ನಪ್ಪಾ. ಚೆಂ...ಡು." ಇದು ಮಾತುಕತೆ ಅಲ್ಲ, ವೈವಾ, ಬಾಯಿ ಪರೀಕ್ಷೆ. ಗೊತ್ತಿದ್ದ ಪದವನ್ನೂ ಮಗು ನುಂಗಿಕೊಳ್ಳುತ್ತೆ, ಇಲ್ಲವೇ ಎದ್ದು ಹೋಗುತ್ತೆ. ಹಾಗಾಗಿ ಮೊದಲ ವಾರ ಒಂದೇ ಅಭ್ಯಾಸ, ಅದೂ ನಿಮಗೆ, ಮಗುವಿಗಲ್ಲ: 'ಹೇಳು', 'ಅನ್ನು' ಎರಡೂ ಬಂದ್. ಒಂದು ಪ್ರಶ್ನೆ ಕೇಳಿದರೆ ನಾಲ್ಕು ಸಲ ಸುಮ್ಮನೆ ನೋಡಿದ್ದನ್ನು ಹೇಳಿ. ಚೆಂಡು ಉರುಳಿದರೆ "ಹೋಯ್ತು! ಚೆಂಡು ಹೋಯ್ತು." ಅಷ್ಟೇ. ಅವನ ಮಟ್ಟಕ್ಕೆ ನೆಲದ ಮೇಲೆ ಕೂತು, ಮುಖ ಕಾಣುವ ಹಾಗೆ ಹೇಳಿ. ಬೆನ್ನ ಹಿಂದಿನಿಂದ ಹೇಳಿದ್ದು ಲೆಕ್ಕಕ್ಕಿಲ್ಲ.

ಕನ್ನಡದಲ್ಲಿ ನಮಗೊಂದು ಅನುಕೂಲ ಇದೆ. ಮಗು ವಾಕ್ಯದ ಬಾಲವನ್ನು ಬೇಗ ಹಿಡಿಯುತ್ತೆ, ಕನ್ನಡದಲ್ಲಿ ಬಾಲದಲ್ಲಿರೋದು ಕ್ರಿಯಾಪದ. 'ಬಿತ್ತು', 'ಹೋಯ್ತು', 'ಕೊಡು', 'ಬಾ' ತಾವಾಗೇ ಎದ್ದು ಕೇಳಿಸುತ್ತವೆ. ವಸ್ತುವಿನ ಹೆಸರು ಕಲಿಸಬೇಕಾದರೆ ಅದನ್ನೇ ಕೊನೆಗೆ ತನ್ನಿ: "ಎಲ್ಲೋಯ್ತು ಚೆಂಡು? ಬಂತು ಚೆಂಡು!" ಮಾತಾಡುವಾಗ ನಾವು ಹೀಗೆ ತಿರುಗಿಸಿ ಹೇಳೋದು ಸಹಜವೇ, ಕೃತಕ ಅನ್ನಿಸಲ್ಲ.

ಯಾವ ಪದ ಮೊದಲು? ಬಣ್ಣ, ಅಂಕಿ, ಪ್ರಾಣಿಗಳ ಹೆಸರು ಬೇಡ. ಎಂಟರಿಂದ ಹತ್ತು ಪದ ಆರಿಸಿ ಫ್ರಿಜ್ ಮೇಲೆ ಅಂಟಿಸಿ, ಮನೆಯವರೆಲ್ಲ ಅದೇ ಪದಗಳನ್ನು ಬಳಸಲಿ. ಎರಡು ಅಳತೆ ಇಟ್ಟುಕೊಳ್ಳಿ: ಆ ಪದ ಹೇಳಿದರೆ ಮಗುವಿಗೆ ಏನಾದರೂ ಸಿಗಬೇಕು, ಮತ್ತು ಅದು ಬಾಯಿಗೆ ಸುಲಭವಾಗಿರಬೇಕು. ಪ, ಬ, ಮ ತುಟಿಯಲ್ಲೇ ಆಗುವ ಸದ್ದು, ಮಗುವಿಗೆ ಕಣ್ಣಿಗೂ ಕಾಣುತ್ತೆ. ಬಾ, ಬೇಡ, ಬಿತ್ತು, ಮೇಲೆ, ಕೊಡು, ಹಾಕು, ತೆಗಿ, ಆಯ್ತು, ಇನ್ನೂ, ಇಲ್ಲ. ಇವು ಊಟದಲ್ಲಿ, ಸ್ನಾನದಲ್ಲಿ, ಆಟದಲ್ಲಿ ಎಲ್ಲೆಡೆ ನಡೆಯುತ್ತವೆ. 'ಆನೆ' ಎಷ್ಟು ಸಲ ಬಳಕೆಗೆ ಬರುತ್ತೆ ಹೇಳಿ. 'ಮಮ್ಮು', 'ತಾಚಿ', 'ಬೌಬೌ' ಇವೂ ಪೂರ್ತಿ ಪದಗಳೇ, ಲೆಕ್ಕಕ್ಕೆ ಸೇರಿಸಿ. ಒಂದೊಂದು ಪದವೂ ದಿನಕ್ಕೆ ಇಪ್ಪತ್ತು-ಮೂವತ್ತು ಸಲ ಕಿವಿಗೆ ಬೀಳಲಿ, ಆದರೆ ಒಂದೇ ಕೂರಿಕೆಯಲ್ಲಿ ಅಲ್ಲ.

ಇದಕ್ಕೆ ಪ್ರತ್ಯೇಕ 'ಆಕ್ಟಿವಿಟಿ' ಬೇಕಿಲ್ಲ. ದೋಸೆ ಹಾಕೋದನ್ನೇ ತಗೊಳ್ಳಿ. ಮಗುವನ್ನು ಒಲೆಯಿಂದ ಎರಡು ಮಾರು ದೂರ, ಹೆಂಚು ಕಾಣುವ ಹಾಗೆ ಎತ್ತರದ ಕುರ್ಚಿಯಲ್ಲಿ ಕೂರಿಸಿ, ಬೆಲ್ಟ್ ಹಾಕಿ. ಸೌಟು ಹಿಟ್ಟಿನಲ್ಲಿ ಅದ್ದಿ ಮೇಲೆತ್ತಿ, "ಹಾಕು..." ಅಂತ ಎಳೆದು ಹೇಳಿ, ಹುಯ್ಯಿರಿ. "ಚುಂಯ್!" ಅಂಚು ಎಬ್ಬಿಸುವಾಗ "ತೆಗಿ, ತೆಗಿ, ತೆಗಿ". ತಟ್ಟೆಗೆ ಬಂದಾಗ "ಆಯ್ತು!" ಕೈ ಹತ್ತಿರ ತಂದು ಹಿಂದಕ್ಕೆಳೆದು "ಉಫ್, ಬಿಸಿ". ಐದೇ ಪದ, ಪ್ರತಿ ದೋಸೆಗೂ ಅದೇ ಸಾಲು, ಅದೇ ರಾಗ. ಮೊದಲ ಮೂರು ದೋಸೆ ಹೀಗೆ ಹೋಗಲಿ. ನಾಲ್ಕನೆಯದಕ್ಕೆ ಸೌಟು ಹೆಂಚಿನ ಮೇಲೆ ಎತ್ತಿ ಹಿಡಿದು ನಿಂತುಬಿಡಿ. ಹುಬ್ಬೆತ್ತಿ ಮಗುವನ್ನು ನೋಡಿ, ಬಾಯಿ ಮುಚ್ಚಿಕೊಂಡು ಮನಸ್ಸಿನಲ್ಲೇ ಹತ್ತು ಎಣಿಸಿ.

ಕಷ್ಟ ಇರೋದು ಈ ಹತ್ತು ಎಣಿಸೋದರಲ್ಲೇ. ಮೂರು ಎಣಿಸುವಷ್ಟರಲ್ಲಿ ಯಾರಾದರೂ "ಹಾಕು ಅನ್ನು ಪುಟ್ಟಾ" ಅಂತ ಬಾಯಿ ಹಾಕಿರ್ತಾರೆ, ಅಲ್ಲಿಗೆ ಆಟ ಮುಗಿಯಿತು. ಮಾತು ತಡವಾದ ಮಗುವಿಗೆ ಪದ ಹುಡುಕಿ ಬಾಯಿಗೆ ತರಲು ನಮಗಿಂತ ಹೊತ್ತು ಬೇಕು. ಹತ್ತು ಎಣಿಸಿದ ಮೇಲೆ ಏನು ಬಂದರೂ ಒಪ್ಪಿಕೊಳ್ಳಿ: ಕೈ ತೋರಿಸಿದ, 'ಆ' ಅಂದ, 'ಆಕು' ಅಂದ. "ಹ್ಞಾಂ, ಹಾಕು!" ಅಂತ ಹುಯ್ಯಿರಿ. 'ಆಕು ಅಲ್ಲ, ಹಾಕು' ಅಂತ ತಿದ್ದಬೇಡಿ. (ಮಂಡ್ಯ ಕಡೆ ದೊಡ್ಡವರೇ ಹಾಲಿಗೆ ಆಲು ಅಂತಾರೆ.) ಏನೂ ಬರಲಿಲ್ಲವಾ? ನೀವೇ ಹೇಳಿ ಹುಯ್ದು ಮುಂದೆ ಹೋಗಿ. ಮಗುವಿಗೆ ಸೋತ ಹಾಗಾಗಬಾರದು.

ಇದೇ ತಂತ್ರ ಡಬ್ಬಿಯಲ್ಲೂ ನಡೆಯುತ್ತೆ. ಒಳಗಿರೋದು ಕಾಣುವ, ಮುಚ್ಚಳ ಬಿಗಿಯಾದ ಪ್ಲಾಸ್ಟಿಕ್ ಡಬ್ಬಿಯಲ್ಲಿ ನಾಲ್ಕೈದು ಕಾಳು ಮಂಡಕ್ಕಿ ಹಾಕಿ ಮಗುವಿನ ಕೈಗೇ ಕೊಡಿ. ಕಡಲೆಬೀಜ ಬೇಡ, ಗಂಟಲಿಗೆ ಸಿಕ್ಕಿಕೊಳ್ಳುತ್ತೆ. ತೆಗೆಯಲಾಗದೆ ನಿಮ್ಮತ್ತ ಚಾಚ್ತಾನೆ. ಕಾಯಿರಿ, "ತೆಗಿ" ಅಂತ ಒಂದು ಸಲ ಹೇಳಿ, ಮತ್ತೆ ಕಾಯಿರಿ, ತೆಗೆದುಕೊಡಿ. ಎರಡು ಕಾಯುವಿಕೆ, ಅಷ್ಟೇ. ಹೇಳುವ ತನಕ ಕೊಡೋದೇ ಇಲ್ಲ ಅಂತ ಹಠ ಹಿಡಿಯುವವರಿದ್ದಾರೆ. ಅದರಿಂದ ಮಗು ಕಲಿಯೋದು ಪದ ಅಲ್ಲ, ನೆಲಕ್ಕೆ ಬಿದ್ದು ಹೊರಳಾಡೋದು. ಡಬ್ಬಿಯಲ್ಲಿ ಐದೇ ಕಾಳು ಯಾಕೆ ಅಂದರೆ ಖಾಲಿಯಾದಾಗ 'ಇನ್ನೂ' ಕೇಳುವ ಅವಕಾಶ ತಾನಾಗೇ ಬರುತ್ತೆ. ಡಬ್ಬಿ ತುಂಬಾ ಕೊಟ್ಟರೆ ನಿಮ್ಮ ಅಗತ್ಯವೇ ಇಲ್ಲ.

ಸೋಪಿನ ಗುಳ್ಳೆಗೂ ಅಂಗಡಿಗೆ ಹೋಗಬೇಕಿಲ್ಲ. 100 ಮಿಲಿ ನೀರು, ಪಾತ್ರೆ ತೊಳೆಯುವ ಲಿಕ್ವಿಡ್ ಎರಡು ದೊಡ್ಡ ಚಮಚ, ಸಕ್ಕರೆ ಒಂದು ಸಣ್ಣ ಚಮಚ. ಕುಲುಕಬೇಡಿ, ನೊರೆ ಬಂದರೆ ಗುಳ್ಳೆ ನಿಲ್ಲಲ್ಲ. ನಿಧಾನಕ್ಕೆ ಕಲಸಿ ಒಂದು ಗಂಟೆ ಬಿಡಿ. ಊದೋದು ನೀವು, ತಂತಿಯ ಬಳೆಯಿಂದ. ಸ್ಟ್ರಾ ಕೊಟ್ಟರೆ ಮಗು ಹೀರಿಬಿಡುತ್ತೆ. ಪದಗಳು: ಮೇಲೆ, ಪಟ್, ಇನ್ನೂ. ಗುಳ್ಳೆ ಊದಿದರೆ ಬಾಯಿಯ ಸ್ನಾಯು ಗಟ್ಟಿಯಾಗಿ ಮಾತು ಬರುತ್ತೆ ಅನ್ನೋದನ್ನು ನಂಬಬೇಡಿ. ಊದೋದು, ಪೀಪಿ, ನಾಲಿಗೆ ಹೊರಳಿಸುವ ವ್ಯಾಯಾಮ ಇವುಗಳಿಂದ ಮಾತು ಕಲಿಯೋದಕ್ಕೆ ಆಧಾರ ಸಿಕ್ಕಿಲ್ಲ. ಗುಳ್ಳೆಯಿಂದ ಸಿಗೋದು ಮತ್ತೆ ಮತ್ತೆ ಕೇಳುವ ನೆಪ.

ಪದ ಬಂದ ಮೇಲೆ ಅದಕ್ಕೆ ಒಂದೇ ಒಂದು ಪದ ಸೇರಿಸಿ ವಾಪಸ್ ಕೊಡಿ. ಅವನು 'ಬಿತ್ತು' ಅಂದರೆ ನೀವು 'ಚೆಂಡು ಬಿತ್ತು'. 'ಅಮ್ಮ' ಅಂತ ಕೈ ಚಾಚಿದರೆ 'ಅಮ್ಮ, ಬಾ'. ಇಲ್ಲಿ ಆಗುವ ತಪ್ಪು ಎರಡು. ಒಂದು, ಐದು ಪದದ ವಾಕ್ಯ ಕಟ್ಟಿ ಕೊಡೋದು. ಇನ್ನೊಂದು, ಸುಲಭ ಆಗಲಿ ಅಂತ ಪ್ರತ್ಯಯ ಕಿತ್ತುಹಾಕಿ 'ಚೀಲ ಹಾಕು', 'ಅಜ್ಜಿ ಕೊಡು' ಅನ್ನೋದು. ಕನ್ನಡದ ವ್ಯಾಕರಣ ಪದದ ಬಾಲದಲ್ಲೇ ಇರೋದು. 'ಅಜ್ಜಿ ಕೊಡು' ಬೇರೆ, 'ಅಜ್ಜಿಗೆ ಕೊಡು' ಬೇರೆ. ಮಗು ಬಿಟ್ಟು ಹೇಳಲಿ, ನೀವು ಪೂರ್ತಿಯಾಗಿ 'ಚೀಲದಲ್ಲಿ ಹಾಕು' ಅನ್ನಿ. ಎರಡು ಪದದ ಜೋಡಣೆ ಸಾಮಾನ್ಯವಾಗಿ ಐವತ್ತು ಪದದ ಆಸುಪಾಸಿನಲ್ಲಿ ಶುರುವಾಗುತ್ತೆ. ಹನ್ನೆರಡು ಪದ ಇರುವಾಗ ಅದಕ್ಕೆ ಒತ್ತಾಯ ಮಾಡಿ ಪ್ರಯೋಜನ ಇಲ್ಲ.

ಫ್ಲ್ಯಾಶ್ ಕಾರ್ಡಿನ ದುಡ್ಡಲ್ಲಿ ಹತ್ತು ಫೋಟೋ ಪ್ರಿಂಟ್ ಹಾಕಿಸಿ, 4x6 ಅಳತೆ, ಸಣ್ಣ ಆಲ್ಬಮ್ಮಿಗೆ ಸೇರಿಸಿ. ಅವನದೇ ಚಪ್ಪಲಿ, ಅಪ್ಪನ ಸ್ಕೂಟರ್, ಅಜ್ಜಿ ಅನ್ನ ಕಲಸುತ್ತಿರೋದು, ಬೀದಿ ನಾಯಿ, ಅವನೇ ಬಿದ್ದದ್ದು. ವಸ್ತುವಿಗಿಂತ ಏನೋ ನಡೆಯುತ್ತಿರುವ ಫೋಟೋ ಮೇಲು, ಕ್ರಿಯಾಪದ ಅಲ್ಲಿ ಸಿಗುತ್ತೆ. ಪುಟ ತಿರುಗಿಸೋದು ಅವನು, ನೀವು 'ಇದ್ಯಾರು' ಅಂತ ಮಾತ್ರ ಕೇಳಬೇಡಿ.

ಮೊಬೈಲಿನಲ್ಲಿ ಶಿಶುಗೀತೆ ಹಾಕಿಟ್ಟರೆ ಪದ ಕಲಿಯುತ್ತೆ ಅಂತ ಕೆಲವರು ಹೇಳ್ತಾರೆ. ಫೋನು ಹತ್ತು ಎಣಿಸಿ ಕಾಯಲ್ಲ, ಮಗು 'ಆ' ಅಂದರೆ ತಿರುಗಿ ನೋಡಲ್ಲ. ಭಾರತೀಯ ಮಕ್ಕಳ ತಜ್ಞರ ಸಂಘದ ಮಾರ್ಗಸೂಚಿ ಎರಡು ವರ್ಷದೊಳಗೆ ಸ್ಕ್ರೀನ್ ಬೇಡ, ಎರಡರಿಂದ ಐದರವರೆಗೆ ದಿನಕ್ಕೆ ಒಂದು ಗಂಟೆ ಮೀರಬಾರದು ಅನ್ನುತ್ತೆ. ಅದೇ ಹಾಡನ್ನು ನೀವೇ ಹಾಡಿ, ಸಾಲಿನ ಕೊನೆಯ ಪದದ ಮುಂದೆ ನಿಲ್ಲಿಸಿ. ರಾಗ ಅವನನ್ನು ಆ ಪದದ ಕಡೆ ತಳ್ಳುತ್ತೆ.

ತುಳು: ಎರಡು ಭಾಷೆಯಿಂದ ಮಾತು ತಡವಾಗೋದಿಲ್ಲ. ಅಜ್ಜಿಯ ಹತ್ತಿರ 'ಪೇರ್', ನಿಮ್ಮ ಹತ್ತಿರ 'ಹಾಲು' ಅಂದರೆ ಅದು ಎರಡು ಪದ. ಥೆರಪಿಸ್ಟ್ ಪದ ಎಣಿಸುವಾಗ ಎರಡೂ ಭಾಷೆ ಕೂಡಿಸಿದ್ದಾರಾ ಅಂತ ಕೇಳಿ. ಕನ್ನಡ ಮಾತ್ರ ಎಣಿಸಿದ್ದರೆ ಹನ್ನೆರಡು ಅನ್ನೋದೇ ತಪ್ಪಿರಬಹುದು. ಅಜ್ಜಿ ತುಳು ಬಿಟ್ಟು ಬಾರದ ಭಾಷೆಯಲ್ಲಿ ತಡವರಿಸಿ ಮಾತಾಡಿದರೆ ನಷ್ಟ ಮಗುವಿಗೆ.

ಬಜೆಯಿಂದ ನಾಲಿಗೆ ಉರಿಯುತ್ತೆ, ಪದ ಬರಲ್ಲ. ಜೇನಿನಲ್ಲಿ ತೇಯ್ದು ನೆಕ್ಕಿಸೋದಂತೂ ಒಂದು ವರ್ಷದೊಳಗಿನ ಕೂಸಿಗೆ ಅಪಾಯ, ಬೊಟುಲಿಸಂ ಅನ್ನುವ ವಿಷದ ಕಾಯಿಲೆ ಬರಬಹುದು. 'ನಾಲಿಗೆ ಕೆಳಗಿನ ದಾರ ಕತ್ತರಿಸಿದರೆ ಮಾತು ಬರುತ್ತೆ' ಅಂತ ಯಾರಾದರೂ ಅಂದರೆ ಅವಸರ ಮಾಡಬೇಡಿ. ಅದು ಬಿಗಿಯಾಗಿದ್ದರೆ ಕೆಲವು ಉಚ್ಚಾರಣೆಗೆ ತೊಡಕಾಗಬಹುದು, ಪದಗಳೇ ಇಲ್ಲದಿರೋದಕ್ಕೆ ಅದು ಕಾರಣ ಅಲ್ಲ. ಹಾಗೇ ಸ, ಶ, ರ, ಳ ಸ್ಪಷ್ಟವಿಲ್ಲ ಅಂತ ಈಗಲೇ ಚಿಂತಿಸಬೇಡಿ. ಅವು ತಡವಾಗಿ ಕೂರುವ ಸದ್ದುಗಳು, ನಾಲ್ಕು ವರ್ಷದ ಮಗುವೂ ರಾಮನನ್ನು ಲಾಮ ಅನ್ನಬಹುದು.

ಅರ್ಥ ಆಗೋದು, ಬೆರಳು ತೋರಿಸೋದು ಎರಡೂ ಇರೋದು ಒಳ್ಳೆಯ ಲಕ್ಷಣ. ಆದರೂ 'ಇವರಪ್ಪನೂ ಮೂರು ವರ್ಷಕ್ಕೇ ಮಾತಾಡಿದ್ದು' ಅಂತ ಥೆರಪಿ ನಿಲ್ಲಿಸಬೇಡಿ. ತಾನಾಗೇ ಸರಿಹೋಗುವ ಮಗು ಯಾವುದು, ಹೋಗದ್ದು ಯಾವುದು ಅಂತ ಈ ವಯಸ್ಸಿನಲ್ಲಿ ಯಾರೂ ಖಚಿತವಾಗಿ ಹೇಳಲಾರರು. ಬರುತ್ತಿದ್ದ ಪದ ನಿಂತುಹೋದರೆ, ಹೆಸರು ಕರೆದರೆ ತಿರುಗದಿದ್ದರೆ, ತೋರಿಸೋದು ಕಮ್ಮಿಯಾದರೆ ಮುಂದಿನ ವಾರದ ಸರದಿಗೆ ಕಾಯದೆ ಕರೆದುಕೊಂಡು ಹೋಗಿ. ಥೆರಪಿಸ್ಟ್ ಭಾರತೀಯ ಪುನರ್ವಸತಿ ಮಂಡಳಿಯಲ್ಲಿ ನೋಂದಾಯಿತರೇ ಅಂತ ನೋಡಿಕೊಳ್ಳಿ. ನೋಂದಣಿ ಸಂಖ್ಯೆ ಕೇಳೋದರಲ್ಲಿ ಸಂಕೋಚ ಬೇಡ.

ಒಂದು ಪುಸ್ತಕದಲ್ಲಿ ಮೂರು ಕಾಲಂ ಎಳೆದು ಬರೆದಿಡಿ: ತಾರೀಖು, ಏನಂದ (ಅಂದ ಹಾಗೇ, 'ಆಕು' ಆದರೆ 'ಆಕು'), ತಾನಾಗೇ ಅಂದನಾ ಅಥವಾ ನೀವು ಹೇಳಿದ್ದನ್ನು ಕೇಳಿ ಅಂದನಾ. ಕೇಳಿ ಅಂದದ್ದು ತಾನಾಗೇ ಅನ್ನುವ ಕಾಲಂಗೆ ದಾಟಲು ಕೆಲವು ವಾರ ಹಿಡಿಯುತ್ತೆ. ಜೊತೆಗೆ ದೋಸೆ ಹೊತ್ತಿನ ಎರಡು ನಿಮಿಷದ ವಿಡಿಯೋ ಮಾಡಿ ಮುಂದಿನ ಸಲ ಥೆರಪಿಸ್ಟ್‌ಗೆ ತೋರಿಸಿ, ಮಗುವಿನ ಮುಖದ ಜೊತೆ ನಿಮ್ಮ ಮುಖವೂ ಫ್ರೇಮಿನಲ್ಲಿರಲಿ. ನೀವು ಹತ್ತರ ಬದಲು ಎಷ್ಟು ಎಣಿಸ್ತಿದ್ದೀರಿ ಅಂತ ಅದರಲ್ಲಿ ಕಾಣುತ್ತೆ.